ಹೊಟ್ಟೆ ತಣ್ಣಗಾದ ಮೇಲೆ ಸಹಿ: ಬೋಗನ್‌ವಿಲ್ ದ್ವೀಪದವರು ಯುದ್ಧ ಮುಗಿಸಿದ ಕಥೆ

ಕಾಂಪೌಂಡ್ ಗೋಡೆ ಮೇಲೆ ಗುಲಾಬಿ ಬಣ್ಣದಲ್ಲಿ ಹಬ್ಬಿಕೊಂಡಿರುತ್ತಲ್ಲ ಕಾಗದದ ಹೂವಿನ ಗಿಡ, ಅದಕ್ಕೆ ಬೋಗನ್‌ವಿಲ್ಲ ಅಂತೀವಿ. ಆ ಹೆಸರು ಬಂದಿದ್ದು 1760ರ ದಶಕದಲ್ಲಿ ಪ್ರಪಂಚ ಸುತ್ತಿದ ಫ್ರೆಂಚ್ ನಾವಿಕ ಲೂಯಿ ಆಂತ್ವಾನ್ ದ ಬೋಗನ್‌ವಿಲ್ ಅನ್ನೋರಿಂದ. ಅದೇ ಪ್ರಯಾಣದಲ್ಲಿ, 1768ರಲ್ಲಿ, ಅವರ ಹಡಗು ಪೆಸಿಫಿಕ್ ಸಾಗರದ ಒಂದು ದ್ವೀಪದ ಪಕ್ಕ ಹಾದು ಹೋಯ್ತು, ಅದಕ್ಕೂ ಅದೇ ಹೆಸರು ಅಂಟಿಕೊಂಡಿತು. ಗಿಡ ನಮಗೆಲ್ಲ ಗೊತ್ತು, ದ್ವೀಪ ಯಾರಿಗೂ ಗೊತ್ತಿಲ್ಲ.

ಈಗ ಆ ದ್ವೀಪದ ಹೆಸರು ಆಗಾಗ ಸುದ್ದಿಲಿ ಬರ್ತಿದೆ, ಯಾಕಂದ್ರೆ ಅಲ್ಲಿನ ಸರ್ಕಾರ 2027ರ ಸೆಪ್ಟೆಂಬರ್ 1ಕ್ಕೆ ತಾವು ಸ್ವತಂತ್ರ ದೇಶ ಆಗಬೇಕು ಅಂತ ತಾರೀಖು ಗುರುತು ಹಾಕಿಕೊಂಡಿದೆ. "ಪ್ರಪಂಚದ ಹೊಸ ದೇಶ" ಅನ್ನೋ ಹೆಡ್‌ಲೈನ್ ನೋಡಿ ಸುಮಾರು ಜನ ಇದು ಎಲ್ಲಿದೆ, ಏನು ಗಲಾಟೆ ಅಂತ ಕೇಳ್ತಿದಾರೆ. ಆದರೆ ನನ್ನ ಮಟ್ಟಿಗೆ ಹೊಸ ದೇಶ ಅನ್ನೋದಕ್ಕಿಂತ ಅದರ ಹಿಂದಿನ ಕಥೆ ದೊಡ್ಡದು. ಸುಮಾರು ಹತ್ತು ವರ್ಷ ಒಬ್ಬರನ್ನೊಬ್ಬರು ಕೊಂದುಕೊಂಡ ಜನ ಹೇಗೆ ನಿಲ್ಲಿಸಿದ್ರು, ಪಕ್ಕದ ದೇಶದವರು ಅದರಲ್ಲಿ ಏನು ಮಾಡಿದ್ರು, ಊರಿನ ಹಳೇ ಪದ್ಧತಿಗಳು ಏನು ಮಾಡಿದ್ವು, ಇದನ್ನ ಬುಡದಿಂದ ಹೇಳ್ತೀನಿ.

ಜಾಗ ಎಲ್ಲಿದೆ

ಆಸ್ಟ್ರೇಲಿಯಾದ ಮೇಲ್ಗಡೆ, ಈಶಾನ್ಯಕ್ಕೆ, ಪಾಪುವಾ ನ್ಯೂಗಿನಿ ಅನ್ನೋ ದೇಶ ಇದೆ. 800ಕ್ಕೂ ಜಾಸ್ತಿ ಭಾಷೆ ಇರೋ ದೇಶ ಅದು. ಅದರ ತೀರಾ ಪೂರ್ವದ ತುದೀಲಿ, ರಾಜಧಾನಿಯಿಂದ ಸಮುದ್ರ ದಾಟಿ ಬಹಳ ದೂರದಲ್ಲಿ ಬೋಗನ್‌ವಿಲ್ ಇದೆ, ಪಕ್ಕದಲ್ಲೇ ಬುಕಾ ಅನ್ನೋ ಚಿಕ್ಕ ದ್ವೀಪ. ಎಲ್ಲ ಸೇರಿಸಿದ್ರೂ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದೇ. ಮ್ಯಾಪ್ ನೋಡಿದ್ರೆ ಇದು ಸಾಲೊಮನ್ ದ್ವೀಪಗಳ ಸಾಲಿನಲ್ಲೇ ಬರುತ್ತೆ, ಜನರ ಮೈಬಣ್ಣ, ನಂಟಸ್ತಿಕೆ ಎಲ್ಲ ಆ ಕಡೇದೇ. ಆದರೆ ಜರ್ಮನಿ, ಬ್ರಿಟನ್ ಸೇರಿ ನೂರು ಚಿಲ್ಲರೆ ವರ್ಷದ ಹಿಂದೆ ಗೆರೆ ಎಳೆದು ಹಂಚಿಕೊಂಡಾಗ ಇದು ನ್ಯೂಗಿನಿ ಕಡೆಗೆ ಹೋಯ್ತು, ಆಮೇಲೆ ಆಸ್ಟ್ರೇಲಿಯಾ ಕೈಗೆ ಬಂತು, ಕೊನೆಗೆ ಪಾಪುವಾ ನ್ಯೂಗಿನಿಯ ಜೊತೆ ಸೇರಿಕೊಂಡಿತು.

ಪಾಪುವಾ ನ್ಯೂಗಿನಿಗೆ ಸ್ವಾತಂತ್ರ್ಯ ಬಂದಿದ್ದು 1975ರ ಸೆಪ್ಟೆಂಬರ್ 16ಕ್ಕೆ. ಬೋಗನ್‌ವಿಲ್‌ನವರು ಅದಕ್ಕೂ ಎರಡು ವಾರ ಮೊದಲೇ, ಸೆಪ್ಟೆಂಬರ್ 1ಕ್ಕೆ, ನಾವು ಬೇರೆ ಅಂತ ಘೋಷಣೆ ಮಾಡಿಬಿಟ್ಟಿದ್ರು. ಯಾವ ದೇಶಾನೂ ಒಪ್ಪಲಿಲ್ಲ, ಮರುವರ್ಷ ಪ್ರಾಂತ್ಯದ ಮಟ್ಟದಲ್ಲಿ ಒಂದಷ್ಟು ಅಧಿಕಾರ ತಗೊಂಡು ಸುಮ್ಮನಾದ್ರು. ಈಗ ಹಾಕಿಕೊಂಡಿರೋ ತಾರೀಖೂ ಸೆಪ್ಟೆಂಬರ್ 1 ಅನ್ನೋದನ್ನ ಗಮನಿಸಿ.

ತಾಯಿ ಕಡೆಯಿಂದ ಬರೋ ಭೂಮಿ, ಅದರ ಕೆಳಗಿದ್ದ ತಾಮ್ರ

ದ್ವೀಪದ ನಡುಮಧ್ಯ ಬೆಟ್ಟದಲ್ಲಿ ಪಾಂಗುನಾ ಅನ್ನೋ ಜಾಗ. ಅಲ್ಲಿ ಆಸ್ಟ್ರೇಲಿಯಾದ ಕಂಪನಿಯೊಂದರ ಕೈಕೆಳಗಿದ್ದ ಬೋಗನ್‌ವಿಲ್ ಕಾಪರ್ 1972ರಿಂದ ತಾಮ್ರ ತೆಗೆಯೋಕೆ ಶುರು ಮಾಡಿತು, ಆ ಆಸ್ಟ್ರೇಲಿಯಾ ಕಂಪನಿಯ ಹಿಂದೆ ಇದ್ದಿದ್ದು ರಿಯೋ ಟಿಂಟೋ ಅನ್ನೋ ದೊಡ್ಡ ಗಣಿ ಕಂಪನಿ. ಆಗಿನ ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ತೆರೆದ ಗಣಿಗಳಲ್ಲಿ ಇದೂ ಒಂದು. ಹೊಸ ದೇಶ ಪಾಪುವಾ ನ್ಯೂಗಿನಿಯ ರಫ್ತಿನ ಹಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಒಂದೇ ಗುಂಡಿಯಿಂದ ಬರ್ತಿತ್ತು ಅಂದ್ರೆ ಲೆಕ್ಕ ಹಾಕಿ. ಗುಂಡಿ ಯಾರ ಜಮೀನಲ್ಲಿತ್ತೋ ಅವರಿಗೆ ಸಿಕ್ಕಿದ್ದು ಮಾತ್ರ ತೀರಾ ಚೂರು.

ಇಲ್ಲೊಂದು ವಿಷಯ ಸರಿಯಾಗಿ ಅರ್ಥ ಮಾಡ್ಕೋಬೇಕು. ಬೋಗನ್‌ವಿಲ್‌ನ ಬಹುಪಾಲು ಕಡೆ ಭೂಮಿ ಹೋಗೋದು ತಾಯಿಯಿಂದ ಮಗಳಿಗೆ. ತುಳುನಾಡಿನ ಅಳಿಯಸಂತಾನ ಗೊತ್ತಿರೋರಿಗೆ ಇದು ಬೇಗ ಹಿಡಿಯುತ್ತೆ, ಕುಲ ಅನ್ನೋದು ತಾಯಿ ಕಡೆಯಿಂದ. ಆದರೆ ಕಂಪನಿ ಮತ್ತೆ ಸರ್ಕಾರ ಮಾತಾಡಿದ್ದು ಗಂಡಸರ ಜೊತೆ. 1969ರಲ್ಲಿ ಕರಾವಳಿಯ ರೊರೊವಾನಾ ಊರಿನಲ್ಲಿ ಬಂದರು ಕೆಲಸಕ್ಕೆ ಜಾಗ ಅಳತೆ ಮಾಡೋಕೆ ಬಂದಾಗ ಹೆಂಗಸರು ಅಡ್ಡ ನಿಂತು ಸರ್ವೆ ಗೂಟ ಕಿತ್ತರು, ಪೊಲೀಸರು ಲಾಠಿ ಬೀಸಿ ಅಶ್ರುವಾಯು ಬಿಟ್ಟರು.

ಗಣಿಯ ಕೊಚ್ಚೆ ನೇರ ನದಿಗೆ ಹೋಗ್ತಿತ್ತು. ಕುದುರೆಮುಖದಲ್ಲಿ ಅದಿರಿನ ಹೂಳು ಹಿಡಿದಿಡೋಕೆ ಅಂತಲೇ ಲಖ್ಯಾ ಡ್ಯಾಮ್ ಕಟ್ಟಿದ್ದನ್ನ ನಾವು ನೋಡಿದೀವಿ, ಅಷ್ಟಾದ್ರೂ ಭದ್ರಾ ನದಿಗೆ ಹೂಳು ಬರ್ತಿದೆ ಅಂತ ಎಷ್ಟು ಹೋರಾಟ ಆಯ್ತು. ಪಾಂಗುನಾದಲ್ಲಿ ಅಂಥ ಡ್ಯಾಮೂ ಇರಲಿಲ್ಲ. ನೂರು ಕೋಟಿ ಟನ್‌ಗೂ ಜಾಸ್ತಿ ಕಲ್ಲುಮಣ್ಣು, ಗಣಿಯ ತ್ಯಾಜ್ಯ ಬಿತ್ತು, ಜಾಬಾ ನದಿ ತುಂಬಿ ತೋಟಗಳ ಮೇಲೆ ಹರಡಿಕೊಂಡಿತು, ಮೀನು ಹೋಯ್ತು.

ಫ್ರಾನ್ಸಿಸ್ ಓನಾ ಅಂತ ಅದೇ ಗಣೀಲಿ ಕೆಲಸ ಮಾಡಿದ್ದ ಸ್ಥಳೀಯರೊಬ್ಬರು ಮತ್ತೆ ಅವರ ಜೊತೆಯವರು ಸಾವಿರ ಕೋಟಿ ಕಿನಾ, ಅಂದ್ರೆ ಅಲ್ಲಿನ ದುಡ್ಡಲ್ಲಿ, ಪರಿಹಾರ ಕೊಡಿ ಅಂತ ಕೇಳಿದ್ರು. ಸಿಗಲಿಲ್ಲ. 1988ರ ಕೊನೇಲಿ ಗಣಿಯದ್ದೇ ಸ್ಫೋಟಕ ಕದ್ದು ಕರೆಂಟ್ ಟವರ್ ಉರುಳಿಸೋಕೆ ಶುರು ಮಾಡಿದ್ರು. 1989ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಅದು ಇವತ್ತಿಗೂ ತೆರೆದಿಲ್ಲ.

ಯಾರು ಯಾರ ಮೇಲೆ ಯುದ್ಧ ಮಾಡಿದ್ರು

ಹೊರಗಿನಿಂದ ನೋಡಿದ್ರೆ ಸರ್ಕಾರದ ಸೇನೆ ಒಂದು ಕಡೆ, ಬಂಡುಕೋರರ ಬೋಗನ್‌ವಿಲ್ ಕ್ರಾಂತಿ ಸೇನೆ ಇನ್ನೊಂದು ಕಡೆ. ಅಷ್ಟೇ ಆಗಿದ್ರೆ ಸುಲಭ ಇತ್ತು. 1990ರಲ್ಲಿ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಹಡಗು ಇಲ್ಲ, ವಿಮಾನ ಇಲ್ಲ, ಔಷಧಿ ಇಲ್ಲ. ಜನ ತೆಂಗಿನೆಣ್ಣೆ ಹಾಕಿ ಗಾಡಿ ಓಡಿಸಿದ್ರು, ಗಣಿಯ ಗುಜರಿ ಕಬ್ಬಿಣದಲ್ಲಿ ಸಣ್ಣ ಸಣ್ಣ ಜಲವಿದ್ಯುತ್ ಯಂತ್ರ ಮಾಡಿಕೊಂಡ್ರು. ಅದೇ ಹೊತ್ತಿಗೆ ಬಂಡುಕೋರರಲ್ಲೇ ಕೆಲವರು ಹಳೇ ಜಮೀನು ಜಗಳ, ಹಳೇ ಹಗೆ ಎಲ್ಲಾ ಈ ನೆಪದಲ್ಲಿ ತೀರಿಸಿಕೊಳ್ಳೋಕೆ ಹೊರಟ್ರು, ಅದರಿಂದ ಬೇಸತ್ತ ಊರುಗಳು ರೆಸಿಸ್ಟೆನ್ಸ್ ಅಂತ ತಮ್ಮದೇ ಪಡೆ ಕಟ್ಟಿ ಸರ್ಕಾರದ ಸೇನೆ ಜೊತೆ ಸೇರಿಕೊಂಡ್ವು. ಆಮೇಲೆ ಯುದ್ಧ ಊರೂರಿನ ನಡುವೆ, ಒಂದೇ ಕುಟುಂಬದ ಒಳಗೆ ಬಂತು, ಅಣ್ಣ ಒಂದು ಕಡೆ ತಮ್ಮ ಇನ್ನೊಂದು ಕಡೆ.

ಎಷ್ಟು ಜನ ಸತ್ತರು ಅನ್ನೋದಕ್ಕೆ 10 ಸಾವಿರದಿಂದ 20 ಸಾವಿರದವರೆಗೆ ಬೇರೆ ಬೇರೆ ಅಂದಾಜು ಇದೆ, ಅದರಲ್ಲಿ ಗುಂಡಿಗಿಂತ ಔಷಧಿ ಇಲ್ಲದೆ ಸತ್ತವರೇ ಬಹಳ. ಆಗ ಅಲ್ಲಿದ್ದ ಒಟ್ಟು ಜನ ಎರಡು ಲಕ್ಷಕ್ಕಿಂತ ಕಮ್ಮಿ. ಕಮ್ಮಿ ಅಂದಾಜನ್ನೇ ತಗೊಂಡ್ರೂ ಇಪ್ಪತ್ತು ಜನಕ್ಕೆ ಒಬ್ಬರು.

ಇದು ಎರಡು ಪದರದ ಯುದ್ಧ ಅನ್ನೋದನ್ನ ನೆನಪಲ್ಲಿಟ್ಟುಕೊಳ್ಳಿ. ಸರ್ಕಾರದ ಜೊತೆಗಿನದು ಒಂದು, ತಮ್ಮ ತಮ್ಮೊಳಗಿನದು ಇನ್ನೊಂದು. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೊದಲಿನ ಮಾತುಕತೆ ಯಾಕೆ ಬಿದ್ದು ಹೋದ್ವು

1990ರಲ್ಲಿ ನ್ಯೂಜಿಲೆಂಡಿನ ಎಂಡೆವರ್ ಅನ್ನೋ ಹಡಗಿನ ಮೇಲೆ ಒಂದು ಒಪ್ಪಂದ ಆಯ್ತು, 1991ರಲ್ಲಿ ಸಾಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದಲ್ಲಿ ಇನ್ನೊಂದು. ಎರಡೂ ಪೇಪರ್ ಮೇಲೇ ಉಳಿದ್ವು. 1994ರಲ್ಲಿ ಫಿಜಿ, ಟೋಂಗಾ, ವನುವಾಟು ಸೈನಿಕರ ಕಾವಲಲ್ಲಿ ದ್ವೀಪದ ಅರಾವಾ ಪಟ್ಟಣದಲ್ಲೇ ಸಭೆ ಕರೆದ್ರು, ಬಂಡುಕೋರ ನಾಯಕರು ತಮ್ಮ ಜೀವಕ್ಕೆ ಗ್ಯಾರಂಟಿ ಇಲ್ಲ ಅಂತ ಬರಲೇ ಇಲ್ಲ. 1995ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಮಾತು ಚೆನ್ನಾಗೇ ನಡೀತು, ಆದರೆ ವಾಪಸ್ ದ್ವೀಪಕ್ಕೆ ಬರೋವಾಗ ಬಂಡುಕೋರ ನಾಯಕರ ಮೇಲೆ ಸೇನೆ ಗುಂಡು ಹಾರಿಸಿತು. ಇನ್ನೆಲ್ಲಿಯ ನಂಬಿಕೆ.

ಥಿಯೋಡೋರ್ ಮಿರಿಯುಂಗ್ ಅಂತ ಒಬ್ಬರಿದ್ರು. ಕಾನೂನು ಓದಿದವರು, ಎರಡೂ ಕಡೆ ನಂಬೋ ಮನುಷ್ಯ, ದ್ವೀಪದ ತಾತ್ಕಾಲಿಕ ಸರ್ಕಾರ ನಡೆಸ್ತಿದ್ರು. 1996ರ ಅಕ್ಟೋಬರ್ 12ರ ಸಂಜೆ ಮನೆಯವರ ಜೊತೆ ಊಟಕ್ಕೆ ಕೂತಿದ್ದಾಗ ಅವರನ್ನ ಗುಂಡಿಟ್ಟು ಕೊಂದ್ರು. ಇವರ ಬಗ್ಗೆ ಓದಿದಾಗೆಲ್ಲ ಈ ಊಟದ ವಿಷಯ ನನ್ನನ್ನ ಬಿಡೋದಿಲ್ಲ.

ಆಮೇಲೆ 1997ರಲ್ಲಿ ಪ್ರಧಾನಿ ಜೂಲಿಯಸ್ ಚಾನ್ ಸ್ಯಾಂಡ್‌ಲೈನ್ ಅನ್ನೋ ಕಂಪನಿಯಿಂದ 3.6 ಕೋಟಿ ಡಾಲರ್ ಕೊಟ್ಟು ಬಾಡಿಗೆ ಸೈನಿಕರನ್ನ ತರಿಸಿದ್ರು. ದೇಶದ ಸೇನೆಯ ಮುಖ್ಯಸ್ಥ ಜೆರ್ರಿ ಸಿಂಗಿರೋಕ್ ಅವರೇ ಇದಕ್ಕೆ ತಿರುಗಿ ಬಿದ್ದು ಆ ಬಾಡಿಗೆಯವರನ್ನ ಹಿಡಿದು ಹಾಕಿದ್ರು, ರಾಜಧಾನೀಲಿ ಜನ ಬೀದಿಗಿಳಿದ್ರು, ಚಾನ್ ಕುರ್ಚಿ ಬಿಟ್ಟರು, ಆ ವರ್ಷದ ಚುನಾವಣೇಲಿ ಸೋತ್ರು. ಗನ್ನಿಂದ ಮುಗಿಸೋ ಕೊನೇ ದಾರೀನೂ ಹೀಗೆ ಮುಚ್ಚಿತು. ಎಲ್ಲರಿಗೂ ಸುಸ್ತಾಗಿತ್ತು, ಅದೇ ನಿಜವಾದ ಕಾರಣ ಅಂತ ಕಾಣುತ್ತೆ.

ನ್ಯೂಜಿಲೆಂಡೇ ಯಾಕೆ ಬೇಕಾಯ್ತು

ಪ್ರಾದೇಶಿಕ ರಾಜತಾಂತ್ರಿಕತೆ ಅಂತ ದೊಡ್ಡ ಮಾತು ಕೇಳ್ತೀವಲ್ಲ, ಅದರ ಅರ್ಥ ಇಷ್ಟೇ, ನಮ್ಮ ಜಗಳಕ್ಕೆ ದೂರದ ದೊಡ್ಡ ದೇಶ ಅಲ್ಲ, ಅಕ್ಕಪಕ್ಕದವರು ಕೂತು ಮಾತಾಡಿಸೋದು. ಅಣ್ಣತಮ್ಮಂದಿರು ಆಸ್ತಿ ಭಾಗಕ್ಕೆ ಹೊಡೆದಾಡಿಕೊಂಡಾಗ ಪಕ್ಕದ ಮನೆಯ ಹಿರಿಯರೊಬ್ಬರು ಇಬ್ಬರನ್ನೂ ಕರೆಸಿ ತಮ್ಮ ಜಗುಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ತಾವು ಒಳಗೆ ಹೋಗಿಬಿಡ್ತಾರಲ್ಲ, ಹಾಗೆ. ಆದರೆ ಆ ಹಿರಿಯರಿಗೆ ಆ ಆಸ್ತೀಲಿ ಆಸೆ ಇರಬಾರದು.

ಆಸ್ಟ್ರೇಲಿಯಾಕ್ಕೆ ಅಲ್ಲೇ ತೊಂದರೆ. ಗಣಿ ಕಂಪನಿ ಅವರ ಕಡೇದು, ಸರ್ಕಾರದ ಸೇನೆಗೆ ಹೆಲಿಕಾಪ್ಟರ್ ಕೊಟ್ಟಿದ್ದೂ ಅವರೇ. ನ್ಯೂಜಿಲೆಂಡ್ ಚಿಕ್ಕದು, ಗಣೀಲಿ ಪಾಲಿಲ್ಲ, ಜೊತೆಗೆ ಅಲ್ಲಿನ ಮೂಲನಿವಾಸಿ ಮಾವೋರಿಗಳು ಪೆಸಿಫಿಕ್‌ನ ಜನ. ಆಗಿನ ವಿದೇಶಾಂಗ ಮಂತ್ರಿ ಡಾನ್ ಮೆಕಿನನ್ ಇದಕ್ಕೆ ಕೈ ಹಾಕಿದ್ರು. ಕ್ರೈಸ್ಟ್‌ಚರ್ಚ್ ಹತ್ತಿರದ ಬರ್ನ್‌ಹ್ಯಾಮ್ ಅನ್ನೋ ಮಿಲಿಟರಿ ಕ್ಯಾಂಪಿಗೆ 1997ರ ಜುಲೈನಲ್ಲಿ, ಅಲ್ಲಿನ ಕೊರೆಯೋ ಚಳೀಲಿ, ಬೋಗನ್‌ವಿಲ್‌ನ ಎರಡೂ ಕಡೆಯ ನಾಯಕರನ್ನ ವಿಮಾನದಲ್ಲಿ ಕರೆದುಕೊಂಡು ಬಂದ್ರು. ಬಾಗಿಲಲ್ಲೇ ಮಾವೋರಿ ಪದ್ಧತಿಯ ಸ್ವಾಗತ, ಪೊವ್ಹಿರಿ ಅಂತಾರೆ ಅದಕ್ಕೆ, ಬಂದವರು ಅತಿಥಿಗಳೋ ಶತ್ರುಗಳೋ ಅನ್ನೋದನ್ನ ಹಾಡು, ಮಾತು, ಮೂಗಿಗೆ ಮೂಗು ತಾಗಿಸೋದರಲ್ಲಿ ತೀರ್ಮಾನ ಮಾಡೋ ಆಚರಣೆ.

ಈಗ ಮುಖ್ಯ ವಿಷಯ. ಮೊದಲ ಸುತ್ತಿಗೆ ಪಾಪುವಾ ನ್ಯೂಗಿನಿ ಸರ್ಕಾರವನ್ನ ಕರೆದೇ ಇರಲಿಲ್ಲ. ದ್ವೀಪದವರೇ, ಬಂಡುಕೋರರ ಕಡೆಯ ಜೋಸೆಫ್ ಕಬುಯಿ, ಸ್ಯಾಮ್ ಕವೋನಾ, ತಾತ್ಕಾಲಿಕ ಸರ್ಕಾರದ ಕಡೆಯ ಜೆರಾರ್ಡ್ ಸಿನಾಟೋ ಇವರೆಲ್ಲ ತಮ್ಮ ತಮ್ಮಲ್ಲೇ ಎರಡು ವಾರದಷ್ಟು ಮಾತಾಡಿಕೊಂಡ್ರು. ಮೊದಲು ಒಳಗಿನ ಪದರ, ಆಮೇಲೆ ಹೊರಗಿನದು. ನ್ಯೂಜಿಲೆಂಡಿನವರು ಇದೇ ಮಾತಾಡಿ, ಇಷ್ಟೊತ್ತಿಗೆ ಮುಗಿಸಿ ಅಂತ ಹೇರಲಿಲ್ಲ. ಜುಲೈ 18ಕ್ಕೆ ಬರ್ನ್‌ಹ್ಯಾಮ್ ಘೋಷಣೆ ಬಂತು. ಬಂಡುಕೋರರು ಒತ್ತೆ ಇಟ್ಟುಕೊಂಡಿದ್ದ ಐದು ಜನ ಸರ್ಕಾರಿ ಸೈನಿಕರನ್ನ ಬಿಟ್ಟರು. ಅಕ್ಟೋಬರ್‌ಗೆ ಸರ್ಕಾರದವರೂ ಬಂದು ಸೇರಿದ್ರು, ತಾತ್ಕಾಲಿಕವಾಗಿ ಗುಂಡು ನಿಲ್ಲಿಸೋದು ಅಂತಾಯ್ತು. 1998ರ ಜನವರೀಲಿ ನ್ಯೂಜಿಲೆಂಡಿನದೇ ಲಿಂಕನ್‌ನಲ್ಲಿ ಇನ್ನೊಂದು ಒಪ್ಪಂದ, ಏಪ್ರಿಲ್ 30ಕ್ಕೆ ಅರಾವಾದಲ್ಲಿ ಕಾಯಂ ಕದನವಿರಾಮ.

ಗಿಟಾರ್ ಹಿಡಿದು ಬಂದ ಸೈನಿಕರು

ಒಪ್ಪಂದ ಸರಿಯಾಗಿ ನಡೀತಿದೆಯಾ ನೋಡೋಕೆ ಯಾರಾದ್ರೂ ಬೇಕಲ್ಲ. 1997ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ, ವನುವಾಟು ದೇಶಗಳ ಒಂದು ತಂಡ ದ್ವೀಪಕ್ಕೆ ಇಳೀತು, ಅವರ ಹತ್ತಿರ ಒಂದೇ ಒಂದು ಬಂದೂಕು ಇರಲಿಲ್ಲ. ಯುದ್ಧ ಆಗಷ್ಟೇ ನಿಂತ ಜಾಗಕ್ಕೆ, ಪ್ರತಿ ಎರಡನೇ ಪೊದೆಯಲ್ಲಿ ಗನ್ ಇರೋ ಜಾಗಕ್ಕೆ ಬರಿಗೈಲಿ ಸೈನಿಕರು. ಅವರ ಕಡೆಯಲ್ಲೇ ಎಷ್ಟೋ ಜನಕ್ಕೆ ಇದು ಹುಚ್ಚು ಅನ್ನಿಸಿತ್ತು.

ಇದರ ಲೆಕ್ಕಾಚಾರ ಹೀಗೆ. ಗನ್ ತಂದ್ರೆ ಇನ್ನೊಂದು ಸೇನೆ ಬಂತು ಅಂತಾಗುತ್ತೆ, ಆಗ ಅವರ ರಕ್ಷಣೆ ಅವರ ಗನ್ನಿನದು. ಗನ್ ಇಲ್ಲ ಅಂದ್ರೆ ಅವರನ್ನ ಕಾಯೋ ಜವಾಬ್ದಾರಿ ಊರಿನವರ ತಲೆ ಮೇಲೆ ಬರುತ್ತೆ. ಮನೆಗೆ ಬಂದ ನೆಂಟನಿಗೆ ಏನಾದ್ರೂ ಆದ್ರೆ ಮರ್ಯಾದೆ ಹೋಗೋದು ಮನೆಯವರದೇ ತಾನೇ. ತಂಡಗಳಲ್ಲಿ ಹೆಂಗಸರೂ ಇದ್ರು, ಸೈನಿಕರಲ್ಲದವರೂ ಇದ್ರು, ಊರಿಂದೂರಿಗೆ ನಡೆದು ಹೋಗೋದು, ಚರ್ಚಿಗೆ ಹೋಗೋದು, ಸಂಜೆ ಗಿಟಾರ್ ಬಾರಿಸಿ ಹಾಡೋದು, ವಾಲಿಬಾಲ್ ಆಡೋದು, ನಡುನಡುವೆ ಒಪ್ಪಂದದಲ್ಲಿ ಏನಿದೆ ಅಂತ ಹೇಳೋದು. ವನುವಾಟುವಿನವರಾಡೋ ಬಿಸ್ಲಾಮಾ ಭಾಷೆಗೂ ಇಲ್ಲಿನ ಟೋಕ್ ಪಿಸಿನ್ ಭಾಷೆಗೂ ಹತ್ತಿರದ ಸಂಬಂಧ, ಹುಬ್ಬಳ್ಳಿಯವರು ಮಂಡ್ಯದಲ್ಲಿ ಮಾತಾಡಿದಷ್ಟೇ ದೂರ ಅಂದುಕೊಳ್ಳಿ, ಅವರಿಗೆ ದುಭಾಷಿಯೇ ಬೇಕಾಗಲಿಲ್ಲ. ಮೊದಲ ಕೆಲವು ತಿಂಗಳು ನ್ಯೂಜಿಲೆಂಡ್ ನಾಯಕತ್ವ, 1998ರ ಮೇ ತಿಂಗಳಿಂದ ಆಸ್ಟ್ರೇಲಿಯಾದ್ದು, ಅಷ್ಟೊತ್ತಿಗೆ ಜನಕ್ಕೆ ಅವರ ಮೇಲೂ ಒಂಚೂರು ವಿಶ್ವಾಸ ಬಂದಿತ್ತು. 2003ರವರೆಗೆ ಇದ್ರು. ಅಷ್ಟು ವರ್ಷದಲ್ಲಿ ದಾಳಿ ಮಾಡಿ ಒಬ್ಬರನ್ನೂ ಕೊಲ್ಲಲಿಲ್ಲ.

ಹೊಟ್ಟೆ ತಣ್ಣಗಾಗೋದು

ನಮ್ಮಲ್ಲಿ ಸಿಟ್ಟು, ಅಸೂಯೆ ಎಲ್ಲ ಹೊಟ್ಟೇಲೇ ಇರೋದು. ಹೊಟ್ಟೆ ಉರೀತು ಅಂತೀವಿ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳಿ ಅಂತ ಕ್ಷಮೆ ಕೇಳ್ತೀವಿ. ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಅಜ್ಜಿ ಹರಸ್ತಾಳೆ. ಬೋಗನ್‌ವಿಲ್‌ನಲ್ಲೂ ಹಾಗೇ, ಟೋಕ್ ಪಿಸಿನ್‌ನಲ್ಲಿ ಬೆಲ್ ಅಂದ್ರೆ ಹೊಟ್ಟೆ. ಬೆಲ್ ಕೋಲ್ ಅಂದ್ರೆ ಹೊಟ್ಟೆ ತಣ್ಣಗೆ ಮಾಡೋದು. ವನ್ ಬೆಲ್ ಅಂದ್ರೆ ಎರಡು ಕಡೆಯವರ ಹೊಟ್ಟೆ ಒಂದಾಗೋದು, ಅಂದ್ರೆ ರಾಜಿ. ಬೆಲ್ ಈಸಿ ಅಂದ್ರೆ ಶಾಂತಿ. ಇದನ್ನ ಮೊದಲ ಸಲ ಓದಿದಾಗ ಕನ್ನಡಕ್ಕೆ ಅನುವಾದ ಮಾಡೋದೇ ಬೇಡ ಅನ್ನಿಸಿತು ನನಗೆ.

ಇದು ಹೇಗೆ ನಡೆಯುತ್ತೆ? ಊರಿಂದ ಊರಿಗೆ ಪದ್ಧತಿ ಬೇರೆ ಬೇರೆ, ಆದರೂ ಒಂದು ದಾರಿ ಇದೆ. ಒಂದು ಊರಿನ ಹುಡುಗ ಇನ್ನೊಂದು ಊರಿನವನನ್ನ ಕೊಂದಿದ್ದಾನೆ ಅಂತಿಟ್ಟುಕೊಳ್ಳಿ. ನೇರ ಹೋಗಿ ಸಾರಿ ಅನ್ನೋಕಾಗಲ್ಲ. ಮೊದಲು ಎರಡೂ ಕಡೆ ಬೇಕಾದ ಹಿರಿಯರು, ಪಾದ್ರಿಗಳು, ಎರಡೂ ಕುಲಕ್ಕೆ ಸಂಬಂಧ ಇರೋ ಹೆಂಗಸರು ಹೋಗಿ ಬಂದು ಮಾಡ್ತಾರೆ. ಒಂದು ಬೆಲ್ ಕೋಲ್ ಆಗುತ್ತೆ, ಕೈಲಿ ಏನಾದ್ರೂ ಹಿಡಿದುಕೊಂಡು ಹೋಗೋದು, ಅದು ರಾಜಿ ಅಲ್ಲ, ಇನ್ಮೇಲೆ ಸೇಡು ಬೇಡ, ಮಾತಾಡೋಕೆ ಬಿಡಿ ಅನ್ನೋ ಕೋರಿಕೆ. ಆಮೇಲೆ ಮಾತು, ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ. ನಿಜವಾಗಿ ಏನಾಯ್ತು, ಯಾರು ಹೊಡೆದಿದ್ದು, ಹೆಣ ಎಲ್ಲಿ ಹೂತಿದೀರಿ. ಈ ಕೊನೇ ಪ್ರಶ್ನೆ ಎಲ್ಲಕ್ಕಿಂತ ಭಾರ, ಮೂಳೆ ಸಿಕ್ಕಿ ತಮ್ಮ ಊರಿನ ಮಣ್ಣಿಗೆ ಸೇರೋವರೆಗೆ ಎಷ್ಟೋ ಮನೆಗಳು ಮುಂದಿನ ಮಾತಿಗೆ ಒಪ್ಪೋದೇ ಇಲ್ಲ. ತಿಥಿ ಮಾಡೋಕೆ ದಿನವೂ ಗೊತ್ತಿಲ್ಲದೆ, ಜಾಗವೂ ಗೊತ್ತಿಲ್ಲದೆ ಕೂತಿರೋ ಮನೆಯ ಸಂಕಟ ಊಹಿಸಿಕೊಂಡ್ರೆ ಅರ್ಥ ಆಗುತ್ತೆ.

ಸತ್ಯ ಹೊರಗೆ ಬಂದು, ತಪ್ಪು ಒಪ್ಪಿಕೊಂಡ ಮೇಲೆ ದೊಡ್ಡ ದಿನ. ಎರಡು ಕಡೆಯವರು ಎದುರುಬದುರು ಬರ್ತಾರೆ. ಬಿಲ್ಲುಬಾಣ, ಭರ್ಜಿ ಮುರೀತಾರೆ. ಹಂದಿ, ಕಪ್ಪೆಚಿಪ್ಪಿನ ಸರದ ದುಡ್ಡು, ಇತ್ತೀಚೆಗೆ ನೋಟೂ ಕೊಡ್ತಾರೆ. ಇದು ಜೀವಕ್ಕೆ ಕಟ್ಟಿದ ಬೆಲೆ ಅಲ್ಲ, ವಾಲಿದ ತಕ್ಕಡಿ ನೆಟ್ಟಗೆ ಮಾಡೋದು ಅಂತ ಅವರು ಹೇಳೋದು, ಎಷ್ಟೋ ಕಡೆ ಎರಡೂ ಕಡೆಯವರು ಕೊಟ್ಟು ತಗೊಳ್ತಾರೆ. ಕೆಲವು ಕಡೆ ಒಂದು ದೊಡ್ಡ ಕಲ್ಲು ತಂದು ಗುಂಡಿ ತೆಗೆದು ಹೂಳ್ತಾರೆ. ಈ ಜಗಳ ಇನ್ನು ಮೇಲೆ ಈ ಕಲ್ಲಿನ ಹಾಗೆ, ಭಾರ, ಕದಲೋದಿಲ್ಲ, ಯಾರೂ ಅಗೆದು ಎತ್ತಬಾರದು ಅಂತ. ಮೇಲೆ ಗಿಡ ನೆಡೋದೂ ಉಂಟು.

ಕೊನೆಗೆ ಬುವಾಯ್. ಬುವಾಯ್ ಅಂದ್ರೆ ನಮ್ಮ ಅಡಿಕೆನೇ. ಹಸಿ ಅಡಿಕೆ, ಹವಳ ಸುಟ್ಟ ಸುಣ್ಣ, ನಾವು ಎಲೆ ಹಾಕೋ ಕಡೆ ಅವರು ವೀಳ್ಯದ ಬಳ್ಳಿಯ ಉದ್ದ ಕಾಯಿ ಕಚ್ಚಿಕೊಳ್ತಾರೆ, ಬಾಯಿ ಕೆಂಪಾಗೋದು ಒಂದೇ ತರ. ಶತ್ರು ಕೊಟ್ಟ ಅಡಿಕೆನ ಅವನ ಎದುರೇ ಬಾಯಿಗೆ ಹಾಕಿಕೊಂಡ್ರೆ ನಿನ್ನ ಮೇಲೆ ನನಗೆ ಅನುಮಾನ ಇಲ್ಲ, ವಿಷ ಹಾಕಿಲ್ಲ ಅಂತ ನಂಬಿದ್ದೀನಿ ಅಂತ ಅರ್ಥ. ಮದುವೆ ಮಾತಿಂದ ಹಿಡಿದು ಪಂಚಾಯ್ತಿಯವರೆಗೆ ವೀಳ್ಯ ಕೊಟ್ಟು ಮುಗಿಸೋ ಊರಿನಿಂದ ಬಂದ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜೊತೇಲಿ ಪ್ರಾರ್ಥನೆ ಇರುತ್ತೆ, ಅಲ್ಲಿ ಬಹುತೇಕ ಕ್ರೈಸ್ತರು, ಹಳೇ ಪದ್ಧತಿ ಮತ್ತೆ ಚರ್ಚು ಒಂದಕ್ಕೊಂದು ಹೊಂದಿಕೊಂಡು ಹೋಗ್ತವೆ. ಆಮೇಲೆ ಎಲ್ಲರೂ ಒಟ್ಟಿಗೆ ಊಟ.

ಕೋರ್ಟಿಗೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ಕೋರ್ಟು ತಪ್ಪು ಮಾಡಿದವನನ್ನ ಊರಿಂದ ತೆಗೆದು ಜೈಲಿಗೆ ಹಾಕುತ್ತೆ. ಇದು ಅವನನ್ನ ವಾಪಸ್ ಊರೊಳಗೆ ತರುತ್ತೆ, ಅವನೊಬ್ಬನದಲ್ಲ ಅವನ ಇಡೀ ಕುಲದ್ದು ಜವಾಬ್ದಾರಿ ಅನ್ನುತ್ತೆ. ನಾಳೆ ಬೆಳಿಗ್ಗೆ ಅದೇ ತೊರೆಯಿಂದ ನೀರು ತರಬೇಕಾದ ಎರಡು ಮನೆಗಳಿಗೆ ಇದರ ಅಗತ್ಯ ಜಾಸ್ತಿ.

ಅಮ್ಮಂದಿರು ಕಾಡಿಗೆ ಹೋದದ್ದು

ಶಾಂತಿ ಮಾತು ಬರ್ನ್‌ಹ್ಯಾಮ್‌ನಲ್ಲೇ ಶುರು ಆಯ್ತು ಅಂದುಕೊಂಡ್ರೆ ತಪ್ಪು. ಯುದ್ಧ ನಡೀತಿದ್ದಾಗಲೇ ಅಮ್ಮಂದಿರು ಕಾಡಿಗೆ ನಡೆದು ಹೋಗಿ ಗನ್ ಹಿಡಿದ ಮಕ್ಕಳನ್ನ ಮನೆಗೆ ಬಾ ಅಂತ ಕರೀತಿದ್ರು. ಭೂಮಿ ನಮ್ಮದು, ಅದರ ಮೇಲೆ ರಕ್ತ ಬೀಳಿಸೋಕೆ ನಿಮಗೆ ಹಕ್ಕಿಲ್ಲ ಅನ್ನೋ ಮಾತಿಗೆ ತಾಯಿ ಕಡೆಯ ಕುಲಪದ್ಧತಿಯಲ್ಲಿ ತೂಕ ಇದೆ. ಬುಕಾದಲ್ಲಿ ಲೈತಾನಾ ನೆಹನ್ ಅನ್ನೋ ಮಹಿಳಾ ಸಂಸ್ಥೆ ಯುದ್ಧದ ನಡುವೆ, 1992ರಲ್ಲೇ, ಹುಟ್ಟಿಕೊಂಡಿತು. 1996ರಲ್ಲಿ ಚರ್ಚುಗಳ ಹೆಂಗಸರೆಲ್ಲ ಸೇರಿ ಅರಾವಾದಲ್ಲಿ ದೊಡ್ಡ ಸಭೆ ಮಾಡಿದ್ರು, ಎರಡೂ ಕಡೆಯ ಹಿಡಿತದ ಊರುಗಳಿಂದ ಬಂದಿದ್ರು. ಲಿಂಕನ್ ಮಾತುಕತೆಗೆ ಐವತ್ತರಷ್ಟು ಹೆಂಗಸರು ಹೋದ್ರು, ಆದರೆ ಸಹಿ ಹಾಕೋ ಮೇಜಿನ ಸುತ್ತ ಗಂಡಸರೇ ಜಾಸ್ತಿ. ಆಮೇಲೆ ಬಂದ ಸ್ವಾಯತ್ತ ಸರ್ಕಾರದ ಶಾಸನಸಭೆಯಲ್ಲಿ ಮಹಿಳೆಯರಿಗೆ ಅಂತ 3 ಸೀಟು ಇಟ್ಟರು. 3 ಸೀಟು ಮಾಜಿ ಹೋರಾಟಗಾರರಿಗೂ ಇಟ್ಟರು. ಈ ಲೆಕ್ಕ ನನಗೆ ಸಮಾಧಾನ ತಂದಿಲ್ಲ.

ಎರಡು ಬೀಗದ ಪೆಟ್ಟಿಗೆ

2001ರ ಆಗಸ್ಟ್ 30ಕ್ಕೆ ಅರಾವಾದಲ್ಲಿ ಬೋಗನ್‌ವಿಲ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಬರ್ನ್‌ಹ್ಯಾಮ್ ಆಗಿ ನಾಲ್ಕು ವರ್ಷ. ಅದರಲ್ಲಿ ಇದ್ದಿದ್ದು ಸ್ವಾಯತ್ತ ಸರ್ಕಾರ, ಶಸ್ತ್ರ ಒಪ್ಪಿಸೋದು, ಮುಂದೊಂದು ದಿನ ಜನಮತಗಣನೆ. ಜೊತೆಗೆ ಯುದ್ಧಕಾಲದ ಕೃತ್ಯಗಳಿಗೆ ಕ್ಷಮಾದಾನ.

ಶಸ್ತ್ರದ ವಿಷಯ ಎಲ್ಲ ಕಡೆ ಒಪ್ಪಂದ ಮುರಿಯೋ ಜಾಗ. ಮೊದಲು ನೀನು ಕೊಡು ಅಂತ ಇವರು, ಮೊದಲು ಅಧಿಕಾರ ಕೊಡು ಅಂತ ಅವರು. ಇಲ್ಲಿ ಹೀಗೆ ಮಾಡಿದ್ರು, ಊರಿನಲ್ಲಿ ಸಿಕ್ಕ ಗನ್ನುಗಳನ್ನ ಒಂದು ಕಂಟೇನರ್‌ಗೆ ಹಾಕಿ ಎರಡು ಬೀಗ ಜಡಿಯೋದು, ಒಂದು ಕೀ ಅದೇ ಕಡೆಯ ಕಮಾಂಡರ್ ಹತ್ತಿರ, ಇನ್ನೊಂದು ವಿಶ್ವಸಂಸ್ಥೆಯವರ ಹತ್ತಿರ. ಒಬ್ಬರೇ ತೆಗೆಯೋಕಾಗಲ್ಲ. ಆದರೆ ಗನ್ ಕಳೆದುಕೊಂಡೆ ಅನ್ನೋ ಅವಮಾನವೂ ಇಲ್ಲ. ಹಳೇ ಮನೆಗಳಲ್ಲಿ ಅತ್ತೆ ಹತ್ತಿರ ಒಂದು ಕೀ ಸೊಸೆ ಹತ್ತಿರ ಒಂದು ಕೀ ಇಟ್ಟ ಪೆಟಾರಿ ಅಂದುಕೊಳ್ಳಿ. ಈ ಬೀಗ ಬಿದ್ದಿದೆ ಅಂತ ವಿಶ್ವಸಂಸ್ಥೆ ಸರ್ಟಿಫೈ ಮಾಡಿದ ಮೇಲೇ ಪಾಪುವಾ ನ್ಯೂಗಿನಿಯ ಸಂವಿಧಾನ ತಿದ್ದುಪಡಿ ಜಾರಿಗೆ ಬರೋ ಹಾಗೆ ಕಟ್ಟಿದ್ರು. ನಿನ್ನ ಹೆಜ್ಜೆಗೆ ನನ್ನ ಹೆಜ್ಜೆ. ಸುಮಾರು 2 ಸಾವಿರ ಶಸ್ತ್ರ ಕೊನೆಗೆ ನಾಶ ಆದ್ವು, 2005ರಲ್ಲಿ ಚುನಾವಣೆ ಆಗಿ ಜೋಸೆಫ್ ಕಬುಯಿ ಮೊದಲ ಅಧ್ಯಕ್ಷರಾದ್ರು.

ಇನ್ನೊಂದು ಜಾಣತನ ಜನಮತಗಣನೆಯದು. ಸ್ವಾತಂತ್ರ್ಯ ಈಗಲೇ ಬೇಕು ಅಂದ್ರೆ ಸರ್ಕಾರ ಒಪ್ಪಲ್ಲ, ಇಲ್ಲವೇ ಇಲ್ಲ ಅಂದ್ರೆ ಬಂಡುಕೋರರು ಒಪ್ಪಲ್ಲ. ಅದಕ್ಕೆ ಸ್ವಾಯತ್ತ ಸರ್ಕಾರ ಬಂದ 10ರಿಂದ 15 ವರ್ಷದ ಒಳಗೆ ಮತ ಹಾಕೋದು, ಆದರೆ ಫಲಿತಾಂಶವನ್ನ ದೇಶದ ಪಾರ್ಲಿಮೆಂಟ್ ಒಪ್ಪಬೇಕು ಅಂತ ಮಾಡಿದ್ರು. ಬಿಸಿ ಆರೋಕೆ ಒಂದು ತಲೆಮಾರಿನಷ್ಟು ಸಮಯ ಸಿಕ್ಕಿತು.

ಆಗದೇ ಉಳಿದಿದ್ದು

ಇದನ್ನ ಬರೀ ಚಂದದ ಕಥೆ ಮಾಡಿ ಹೇಳಿದ್ರೆ ಅಲ್ಲಿಯವರಿಗೇ ಅನ್ಯಾಯ. ಫ್ರಾನ್ಸಿಸ್ ಓನಾ ಈ ಯಾವ ಒಪ್ಪಂದಕ್ಕೂ ಸೇರಲಿಲ್ಲ, ಪಾಂಗುನಾ ಸುತ್ತಲಿನ ಜಾಗ ತಮ್ಮ ಹಿಡಿತದಲ್ಲೇ ಇಟ್ಟುಕೊಂಡು 2005ರಲ್ಲಿ ಮಲೇರಿಯಾದಿಂದ ತೀರಿಕೊಂಡ್ರು, ಅವರ ಕಡೆಯವರ ಗನ್ನುಗಳು ಆ ಕಂಟೇನರ್‌ಗಳಿಗೆ ಬರಲೇ ಇಲ್ಲ. ಎರಡು ಊರಿನ ನಡುವಿನ ಕೊಲೆಗೆ ಕಲ್ಲು ಹೂತು ರಾಜಿ ಆಗಬಹುದು, ಆದರೆ ಅತ್ಯಾಚಾರಕ್ಕೆ ಒಳಗಾದ ಹೆಂಗಸು ಆ ಸಭೇಲಿ ಎದ್ದು ನಿಂತು ಹೇಳೋದು ಹೇಗೆ? ಅವಳ ಪರವಾಗಿ ಕುಲದ ಗಂಡಸರು ಹಂದಿ ತಗೊಂಡ್ರೆ ಅವಳ ಹೊಟ್ಟೆ ತಣ್ಣಗಾಗುತ್ತಾ? ಇದನ್ನ ಅಲ್ಲಿನ ಹೆಂಗಸರೇ ಕೇಳ್ತಾ ಬಂದಿದಾರೆ. ಚಿಪ್ಪಿನ ದುಡ್ಡಿನ ಜಾಗಕ್ಕೆ ನೋಟು ಬಂದ ಮೇಲೆ ಎಷ್ಟು ಕೊಡ್ತೀಯ ಅನ್ನೋ ಚೌಕಾಸಿಯೂ ಬಂದಿದೆ ಅನ್ನೋ ಬೇಸರ ಇದೆ.

ಮತ್ತೆ ಗಣಿ. ರಿಯೋ ಟಿಂಟೋ 2016ರಲ್ಲಿ ತನ್ನ ಷೇರುಗಳನ್ನ ಪುಕ್ಕಟೆ ಬಿಟ್ಟುಕೊಟ್ಟು ಹೋಯ್ತು, ನದಿ ಹಾಗೇ ಬಿಟ್ಟು. 2020ರಲ್ಲಿ 156 ಜನ ಸ್ಥಳೀಯರು ದೂರು ಕೊಟ್ಟ ಮೇಲೆ ಗಣಿಯ ಪರಿಣಾಮ ಏನು ಅಂತ ಸ್ವತಂತ್ರ ಪರಿಶೀಲನೆಗೆ ಒಪ್ಪಿಕೊಂಡಿತು, ಅದರ ಮೊದಲ ಹಂತದ ವರದಿ 2024ರ ಡಿಸೆಂಬರ್‌ನಲ್ಲಿ ಬಂತು. ಜಗಳ ಶುರುವಾಗಿದ್ದೇ ಆ ನದಿಯಿಂದ, ಅದರ ನೀರು ಇನ್ನೂ ತಿಳಿಯಾಗಿಲ್ಲ.

ಈಗ ಎಲ್ಲಿಗೆ ಬಂದಿದೆ

2019ರ ನವೆಂಬರ್ 23ರಿಂದ ಡಿಸೆಂಬರ್ 7ರವರೆಗೆ ಮತದಾನ ಆಯ್ತು. ಇನ್ನೂ ಜಾಸ್ತಿ ಸ್ವಾಯತ್ತತೆ ಬೇಕಾ, ಸ್ವಾತಂತ್ರ್ಯ ಬೇಕಾ, ಎರಡೇ ಆಯ್ಕೆ. ಬಿದ್ದ 1,81,067 ಮತಗಳಲ್ಲಿ 1,76,928 ಸ್ವಾತಂತ್ರ್ಯಕ್ಕೆ, ಅಂದ್ರೆ ಶೇಕಡ 98ರ ಹತ್ತಿರ. ಎಲ್ಲೂ ಗಲಾಟೆ ಇಲ್ಲ, ಜನ ಹಾಡ್ಕೊಂಡು ಬೂತಿಗೆ ಬಂದ್ರು. ಮರುವರ್ಷ ಅಧ್ಯಕ್ಷರಾದ ಇಶ್ಮಾಯೆಲ್ ತೊರೊಆಮಾ ಒಂದು ಕಾಲಕ್ಕೆ ಕ್ರಾಂತಿ ಸೇನೆಯ ಕಮಾಂಡರ್, 2025ರಲ್ಲಿ ಮತ್ತೆ ಗೆದ್ದರು.

ಆದರೆ ಪಾರ್ಲಿಮೆಂಟ್ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಸಾದಾ ಬಹುಮತ ಸಾಕಾ, ಮೂರನೇ ಎರಡರಷ್ಟು ಬೇಕಾ ಅನ್ನೋದರಲ್ಲೇ ಎಳೆದಾಟ ನಡೆದಿದೆ. ಒಂದು ಪ್ರಾಂತ್ಯ ಬಿಟ್ಟುಕೊಟ್ಟರೆ ಉಳಿದವೂ ಕೇಳ್ತವೆ ಅನ್ನೋ ಭಯ ಸರ್ಕಾರಕ್ಕೆ. ಮಾತು ಸಿಕ್ಕಿಹಾಕಿಕೊಂಡಾಗ ಎರಡೂ ಕಡೆಯವರು ಮಧ್ಯಸ್ಥರಾಗಿ ಆರಿಸಿಕೊಂಡಿದ್ದು ಜೆರ್ರಿ ಮಟೆಪರೆ ಅವರನ್ನ. ಮಾವೋರಿ ಮೂಲದವರು, ನ್ಯೂಜಿಲೆಂಡಿನ ಗವರ್ನರ್ ಜನರಲ್ ಆಗಿದ್ದವರು, ಅದಕ್ಕೂ ಎಷ್ಟೋ ವರ್ಷ ಮೊದಲು ಗನ್ ಇಲ್ಲದೆ ದ್ವೀಪಕ್ಕೆ ಇಳಿದ ಆ ತಂಡದಲ್ಲಿದ್ದ ಸೈನಿಕ. 2025ರ ಜೂನ್‌ನಲ್ಲಿ ಎರಡೂ ಕಡೆಯವರು ಸೇರಿ ಮೆಲನೇಷಿಯನ್ ಒಪ್ಪಂದ ಅಂತ ಒಂದಕ್ಕೆ ಸಹಿ ಹಾಕಿದ್ರು, ಪೆಸಿಫಿಕ್‌ನ ಈ ಭಾಗದ ದ್ವೀಪಗಳಿಗೆ ಮೆಲನೇಷಿಯಾ ಅಂತಾರೆ. ಎಲ್ಲಿ ಅಂದ್ರೆ, ಇಪ್ಪತ್ತೆಂಟು ವರ್ಷದ ಹಿಂದೆ ಮೂಗಿಗೆ ಮೂಗು ತಾಗಿಸಿ ಒಳಗೆ ಕರೆದಿದ್ದ ಅದೇ ಬರ್ನ್‌ಹ್ಯಾಮ್ ಕ್ಯಾಂಪಿನಲ್ಲಿ.